ಎದುರು ಮನೆಯ ಅಜ್ಜಿಯ ‘ವಾಮುಶ್’

ಕಳಂಬೋಲಿಯ ನಮ್ಮ ಮನೆಯಲ್ಲಿ ಬಚ್ಚಲಿನ ಗೋಡೆ ಒಡೆಸುತ್ತಿದ್ದೇವೆ. ಮೊನ್ನೆ ಆ ಹಳೆಯ ಗಾರೆಯ ದೂಳು ಮೂಗಿಗೆ ಬಡಿದದ್ದೇ ಹೊರಗೆ ಓಡಿ ಬಂದೆ. ಡೊಂಬಿವಿಲಿಯ ನಮ್ಮ ಹಳೆಯ ಕಟ್ಟಡ, ಅದರ ಮೂರನೇ ಮಾಳಿಗೆ, ಎದುರು ಮನೆಯ ಅಜ್ಜಿ...

ಅಜ್ಜಿ ಕುಂದಾಪುರದ ಕಡೆಯವರು. ಗಂಡ ಮೊಝಾಂಬಿಕ್‌ನ ಹೋಟೆಲೊಂದರಲ್ಲಿ ಅಡುಗೆಗಿದ್ದರಂತೆ. ಅಲ್ಲಿ ಗಲಭೆಯೆದ್ದಾಗ, ನಾಲ್ಕು ತಿಂಗಳಲ್ಲಿ ಬಂದರಾಯಿತು ಎಂದು ಮನೆಗೆ ಬೀಗ ಹಾಕಿ ಇಬ್ಬರೂ ಹಡಗು ಹತ್ತಿದವರು ಮತ್ತೆ ಹೋಗಲೇ ಇಲ್ಲ. ಗಂಡನೂ ತೀರಿಹೋದ ಮೇಲೆ ಅಜ್ಜಿಗೆ ಅಲ್ಲಿಯದೆಂದು ಉಳಿದದ್ದು ಪೋರ್ಚುಗೀಸ್ ಮಾತು ಮಾತ್ರ. ರಬಾಳೆಯ ಕಂಪನಿಯಲ್ಲಿ, ಅದೇ ಭಾಷೆಯಾಡುವ ಬ್ರೆಜಿಲ್‌ನ ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನಗೆ ಸಿಕ್ಕಾಗ ಅವರೇ ಗುರುವಾದರು.

ಭಾನುವಾರ ಬೆಳಿಗ್ಗೆ ಕೈಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತು “ವಾಮುಶ್ ಆವ್ ಮೆರ್ಕಾದು?” ಎನ್ನುತ್ತಿದ್ದರು. ಮಾರ್ಕೆಟ್ಟಿಗೆ ಹೋಗುವನಾ ಎಂದು. ನಾನು “ವಾಮುಶ್” ಎನ್ನಬೇಕು, ಹೋಗುವ ಎಂದು. ಬ್ರೆಜಿಲ್‌ನವರು ಅದಕ್ಕೆ ‘ಬೋರಾ’ ಅನ್ನುತ್ತಾರೆ ಎಂದು ಒಮ್ಮೆ ಹೇಳಿದೆ. “ಬೋರವಾ? ಅದೆಂತ ಭಾಷೆ ಮಾರಾಯ್ತಿ!” ಎಂದು ನಕ್ಕಿದ್ದರು.

ಒಂದು ಮಳೆಗಾಲದ ಮಧ್ಯಾಹ್ನ ಮೆಟ್ಟಿಲ ಮೇಲಿನ ಸ್ಲ್ಯಾಬಿನ ತುಂಡೊಂದು ಧೊಪ್ಪೆಂದು ಬಿತ್ತು. ಕೆಳಗಿನ ಕಂಬ ಬಿರಿದಿತ್ತು. “ಬಾಹೇರ್ ಯಾ! ಸಗಳೇ ಬಾಹೇರ್!” ಎಂದು ಕಟ್ಟಡದ ಸೊಸೈಟಿಯ ಸೆಕ್ರೆಟರಿ ಎಲ್ಲರನ್ನೂ ಹೊರಗೆ ಕರೆಯುತ್ತಿದ್ದರು. ಅಮ್ಮನ ಕೈ ಹಿಡಿದು ಓಡಿದೆ. ಕೆಳಗೆ ಅಂಗಳ ಮುಟ್ಟಿದ ಮೇಲೆಯೇ ಅಜ್ಜಿಯ ನೆನಪಾದದ್ದು. ಇದನ್ನು ಯಾರಿಗೂ ಹೇಳಿಲ್ಲ...

ಮತ್ತೆ ಹತ್ತುವಾಗ ಒಂದೊಂದು ಮೆಟ್ಟಿಲೂ ನನ್ನ ಭಾರಕ್ಕೇ ಕುಸಿದೀತು ಅನ್ನಿಸುತ್ತಿತ್ತು. ಅಜ್ಜಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದರು.

“ನಾ ಬರುದಿಲ್ಲ ಮಗಾ. ಒಮ್ಮೆ ಹೀಗೇ ಬಾಗಿಲು ಹಾಕಿ ಬಂದೆ. ಸಾಕು. ನೀ ಹೋಗು.”

ಬೇಡಿಕೊಂಡೆ, ಗದರಿದೆ. ಗೋಡೆಯೊಳಗೆ ಏನೋ ಚಟಚಟ ಅನ್ನುತ್ತಿತ್ತು. ಬಿಟ್ಟು ಓಡಿಬಿಡಲೇ ಎಂದೂ ಅನ್ನಿಸಿತು. ಕಡೆಗೆ ಮೊಳೆಗೆ ನೇತುಹಾಕಿದ್ದ ಅವರ ಕೈಚೀಲ ತೆಗೆದುಕೊಂಡು “ವಾಮುಶ್ ಆವ್ ಮೆರ್ಕಾದು?” ಎಂದೆ.

ನನ್ನ ಮುಖವನ್ನೇ ನೋಡಿದರು. “ವಾಪಸು ಬರುವನಾ?”

“ಬರುವ ಅಜ್ಜಿ.”

“ವಾಮುಶ್” ಎಂದು ಎದ್ದರು. ಇಳಿಯುವಷ್ಟು ಹೊತ್ತೂ ಅವರ ಉಗುರು ನನ್ನ ಮಣಿಕಟ್ಟಿಗೆ ನಾಟಿತ್ತು.

ಕಟ್ಟಡ ಅಂದು ಬೀಳಲಿಲ್ಲ. ಆದರೆ ಪಾಲಿಕೆಯವರು ಸೀಲ್ ಮಾಡಿದರು, ತಿಂಗಳೊಳಗೆ ಕೆಡವಿದರು. ಅಜ್ಜಿ ವಿಠ್ಠಲವಾಡಿಯಲ್ಲಿ ತಮ್ಮನ ಮಗನ ಮನೆ ಸೇರಿದರು. ನೋಡಲು ಹೋದರೆ ಒಂದೇ ಪ್ರಶ್ನೆ: “ಮನೆಗೆ ಯಾವಾಗ ಹೋಗುದು?” ಎರಡು ಸಲ ಏನೇನೋ ಹೇಳಿ ತಪ್ಪಿಸಿಕೊಂಡೆ. ಮೂರನೆಯ ಸಲ ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಇಳಿದವಳಿಗೆ ಆ ಮುಖ ಎದುರಿಸುವ ಧೈರ್ಯವಾಗಲಿಲ್ಲ. ಮುಂದಿನ ಗಾಡಿಗೇ ವಾಪಸು ಬಂದೆ. ಮತ್ತೆ ಹೋಗಲಿಲ್ಲ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಮನೆ ಬಿಟ್ಟು ಬದುಕಿದ ಆ ಎರಡು ವರ್ಷ ಅವರಿಗೆ ಬೇಕಿತ್ತೋ ಇಲ್ಲವೋ... ಅವತ್ತು ಹೆದರದೆ ಸ್ಟೇಷನ್ನಿನಿಂದ ಅವರಿದ್ದ ಮನೆವರೆಗೆ ಹೋಗಿದ್ದರೆ ಕೇಳಬಹುದಿತ್ತು. ವಾಪಸು ಬರುವ ಎಂದ ಸುಳ್ಳಿಗೆ ಬೈಸಿಕೊಳ್ಳಬಹುದಿತ್ತು. ಈಗ ಬೈಯುವುದಕ್ಕೂ ಅವರಿಲ್ಲ.