ಮಾವನ ಧಾರೆಗೆ ಮುಟ್ಟದ ಕಾರು

ಮತ್ತೆ ಕೈಕೊಟ್ಟ ನನ್ನ ಹಳೇ ಕಾರಿನ ಬಾನೆಟ್ಟನ್ನು ಇವತ್ತು ಮದ್ದೂರಿನ ಗ್ಯಾರೇಜಿನಲ್ಲಿ ಎತ್ತಿದಾಗ, ಕುದಿದ ರೇಡಿಯೇಟರ್ ನೀರಿನ ವಾಸನೆ ಮುಖಕ್ಕೆ ಬಡಿದು ಅಪ್ಪನ ಕಾರು ನೆನಪಾಯಿತು.

ಅದರ ಸೀಟು ಹರಿದು ತೆಂಗಿನ ನಾರು ತೊಡೆಗೆ ಚುಚ್ಚುತ್ತಿತ್ತು. ಹೊರಡುವ ಮುಂಚೆ ಅಪ್ಪ ಬಾನೆಟ್ಟನ್ನು ಎತ್ತಿನ ಬೆನ್ನಿನಂತೆ ಸವರುತ್ತಿದ್ದರು. ಮಾರುವ ಮಾತೆತ್ತಿದರೆ, "ಸುಗ್ಗಿ ಕಳೀಲಿ, ನೋಡವ" ಎನ್ನುತ್ತಿದ್ದರು. ಸುಗ್ಗಿಗಳು ಕಳೆಯುತ್ತಲೇ ಇದ್ದವು.

ಮಳವಳ್ಳಿಯಲ್ಲಿ ಅವ್ವನ ಒಬ್ಬನೇ ತಮ್ಮನ ಮದುವೆ. ದಾರಿಯಲ್ಲಿ ಕಾರು ನಿಂತಿತು. ರೇಷ್ಮೆ ಸೀರೆ ಉಟ್ಟ ಅವ್ವನೂ ನಾನೂ ಬೆವರು ಸುರಿಸಿಕೊಂಡು ತಳ್ಳಿದೆವು. "ಇನ್ನೊಂಚೂರು ತಳ್ಳಮ್ಮಿ, ಸ್ಟಾರ್ಟ್ ಆಯ್ತದೆ" ಎಂದು ಅಪ್ಪ ಒಳಗಿಂದಲೇ ಕೂಗುತ್ತಿದ್ದರು. ನಾವು ಛತ್ರ ಮುಟ್ಟುವಷ್ಟರಲ್ಲಿ ಧಾರೆ ಮುಗಿದು ಊಟಕ್ಕೆ ಎಲೆ ಹಾಕಿದ್ದರು.

ಅವ್ವ ಅಳಲಿಲ್ಲ. "ನನ್ ತಮ್ಮನ್ ಧಾರೆ ಇನ್ನೊಂದ್ಸಲ ಆಯ್ತದಾ? ಆ ಕಾರ್ನ ಇನ್ನು ನೀವೊಬ್ರೇ ಓಡಿಸ್ಕಳಿ" ಎಂದವಳು, ಸಂಜೆ ನನ್ನ ಕೈಹಿಡಿದು ಬಸ್ಸು ಹತ್ತಿದಳು.

ಅಪ್ಪ ಆಮೇಲೆ ಕಾರು ಮಾರಿದರು. ಆದರೂ ಮಾವನ ಧಾರೆಯ ಫೋಟೋಗಳಲ್ಲಿ ಅವ್ವ ಎಲ್ಲೂ ಇಲ್ಲ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

"ರಿಪೇರಿ ಮಾಡುದ್ರೆ ಇನ್ನೊಂದ್ ವರ್ಸ ಓಡಿಸ್ಬೋದು ಕಣಣ್ಣ" ಎಂದ ಮೆಕ್ಯಾನಿಕ್.

"ಬ್ಯಾಡ ಕಣಪ್ಪ. ತಗೊಳ್ಳೋರು ಯಾರಾದ್ರೂ ಇದ್ರೆ ಯೋಳು" ಎಂದೆ.