ಅತ್ತೆಯ ಕುದುರೆ, ಅಪ್ಪನ ಕಾಲಾಳುಗಳು

ನನ್ನ ಸೋದರತ್ತೆಯದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ ಕೂರಿಸಿ ಬಟ್ಟೆ ಹೊದಿಸುವ ಕೆಲಸ. ಅಪ್ಪನ ಫರ್ನಿಚರ್ ಅಂಗಡಿಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಕೆಲಸಕ್ಕೆ ಕೂತಳೆಂದರೆ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದಳು. ಆಗ ಯಾರು ಏನು ಕೇಳಿದರೂ ಒಂದೇ ಉತ್ತರ: “ಹ್ಞೂಂ.” ಹೌದು, ಅಲ್ಲ, ಆಮೇಲೆ ನೋಡೋಣ, ಬೆಳಕಿಗೆ ಅಡ್ಡ ನಿಲ್ಲಬೇಡ, ಎಲ್ಲವೂ ಅದರಲ್ಲೇ ಅಡಗಿರುತ್ತಿತ್ತು.

ಭಾನುವಾರ ಮಧ್ಯಾಹ್ನ ಅಣ್ಣ ತಂಗಿ ಅಲ್ಲೇ ಚದುರಂಗಕ್ಕೆ ಕೂರುತ್ತಿದ್ದರು. ಬಿಳಿ ಕಾಯಿ ಯಾವಾಗಲೂ ಅಪ್ಪನಿಗೇ. ಹಿರಿಯವನು ಮೊದಲು ನಡೆಸಬೇಕೆಂಬುದು ಹಿರಿಯವನೇ ಮಾಡಿದ ಕಾನೂನು. ಅಪ್ಪ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸಿದರೆ, ಅತ್ತೆ ಎಲ್ಲರಂತೆ ಎದುರಿಗೊಂದು ಕಾಲಾಳು ಇಡದೆ, ಸುಮ್ಮನೆ ಕುದುರೆಯನ್ನು ಹೊರಗೆ ತರುತ್ತಿದ್ದಳು. ಅಪ್ಪ ಕಾಲಾಳು ದೂಡಿ ಅದನ್ನು ಅಟ್ಟುತ್ತಿದ್ದ. ಕುದುರೆ ಜಾಗ ಬದಲಿಸುತ್ತಿತ್ತು. ಇನ್ನೊಂದು ಕಾಲಾಳಿನಿಂದ ಅಟ್ಟಿದರೆ ಮತ್ತೆ ಬದಲಿಸುತ್ತಿತ್ತು. ಹೀಗೆ ಅಪ್ಪನ ನಾಲ್ಕು ಕಾಲಾಳುಗಳು ಮುಂದೆ ಬಂದು ಎದೆ ಸೆಟೆಸಿ ನಿಂತ ಮೇಲೆ, ಅತ್ತೆ ತನ್ನದೊಂದು ಕಾಲಾಳನ್ನು ಮೆಲ್ಲಗೆ ತಂದು ಅವುಗಳ ಬುಡ ಅಲ್ಲಾಡಿಸುತ್ತಿದ್ದಳು. ಹಿಂದೆ ಕಾಯಲು ಯಾರೂ ಇಲ್ಲವೆಂದು ಅಪ್ಪನಿಗೆ ಹೊಳೆಯುತ್ತಿದ್ದುದು ಆಗಲೇ.

ಚೆಸ್ ಪುಸ್ತಕಗಳನ್ನು ಅರೆದು ಕುಡಿದಿದ್ದ ಔಷಧಿ ಅಂಗಡಿಯವರು ಒಮ್ಮೆ ನಿಂತು ನೋಡಿ, “ಹೀಗೆ ಕುದುರೆ ತಂದು ಆಡೋರು ಕಮ್ಮಿ. ಆದ್ರೆ ಗಟ್ಟಿ ಆಟ, ಕರಿ ಕಾಯಿಗೆ ಮೋಸ ಇಲ್ಲ” ಎಂದಿದ್ದರು. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. “ಓಡಿ ಹೋಗೋದೂ ಒಂದು ಆಟಾನಾ?” ಎಂದ.

ಒಂದು ದಿನ ಅಪ್ಪ ಅವಸರದಲ್ಲಿ ಬಂದು, “ಪಕ್ಕದ ಬಟ್ಟೆ ಅಂಗಡಿಯವರು ಈ ಕೋಣೆ ಕೇಳ್ತಿದಾರೆ, ಕೊಟ್ಟುಬಿಡೋಣ್ವಾ?” ಎಂದು ಕೇಳಿದ. ಅತ್ತೆಯ ಬಾಯಿ ತುಂಬ ಮೊಳೆ. “ಹ್ಞೂಂ” ಎಂದಳು. ಕೇಳಿಸಿಕೊಳ್ಳುತ್ತಿದ್ದೇನೆ, ಹೇಳು ಎಂದಷ್ಟೇ ಅದರ ಅರ್ಥ. ಅಪ್ಪ ನೆಟ್ಟಗೆ ಹೋಗಿ ಅವರಿಗೆ ಮಾತು ಕೊಟ್ಟ.

ಅವರು ಅಳತೆ ಪಟ್ಟಿ ಹಿಡಿದು ಬಂದಾಗ ಅತ್ತೆ ಆಗುವುದಿಲ್ಲವೆಂದಳು. ಮುಖಭಂಗವಾಯಿತೆಂದು ಅಪ್ಪ ಗಿರಾಕಿಗಳ ಎದುರೇ ಬಾಯಿಗೆ ಬಂದಂತೆ ಅಂದ. “ನನ್ನ ಜಾಗದಲ್ಲಿ ಕೂತು ನನ್ನ ಮಾನ ಕಳೀತೀಯಾ? ತಿಂಗಳ ಕೊನೇಲಿ ಖಾಲಿ ಮಾಡು. ನಿನ್ನ ಮುಖ ನೋಡಲ್ಲ.” ಅತ್ತೆ ಮೊಳೆಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಭಾನುವಾರಗಳು ಬಂದು ಹೋದವು. ಅತ್ತೆ ಹಲಗೆ ಹರಡಿ ಎರಡೂ ಕಡೆಯ ಕಾಯಿ ಜೋಡಿಸಿಟ್ಟು, ಸಂಜೆ ಹಾಗೆಯೇ ತೆಗೆದಿಡುತ್ತಿದ್ದಳು. ನನಗಂತೂ ಇಬ್ಬರ ಮೇಲೂ ಸಿಟ್ಟು.

“ನೀನೇ ಹೋಗಿ ಮಾತಾಡಬಾರದಾ?” ಎಂದೆ.

“ಕೋಣೆ ಹೋದ್ರೆ ಇನ್ನೊಂದು ಸಿಗತ್ತೆ ಕಣೇ. ಅಣ್ಣ ಎಲ್ಲಿ ಸಿಗ್ತಾನೆ? ಅವನಾಗೇ ಬರಬೇಕು” ಎಂದಳು. ಅವಳಿಗೆ ಭಯವಾಗಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ.

ತಿಂಗಳ ಕೊನೆಯ ಭಾನುವಾರ ಅಪ್ಪ ಹಿಂಬಾಗಿಲಿನಿಂದ ಬಂದ. ಕೂತು, ರಾಜನ ಮುಂದಿನ ಕಾಲಾಳನ್ನು ನುಗ್ಗಿಸಿದ. ಮೊಳೆ ಕಚ್ಚಿಕೊಂಡಿದ್ದ ಅತ್ತೆ ಸುತ್ತಿಗೆ ಕೆಳಗಿಟ್ಟು ಕುದುರೆ ತಂದಳು. ಅಪ್ಪ ಅಟ್ಟಿದ, ಕುದುರೆ ಸರಿಯಿತು. ಮತ್ತೆ ಅಟ್ಟಿದ, ಮತ್ತೆ ಸರಿಯಿತು. ಮೂರನೆಯ ಕಾಲಾಳನ್ನು ಮುಟ್ಟಲು ಹೋದವನು ಕೈ ತಡೆದು, ಆಗಲೇ ಮುಂದೆ ಹೋಗಿದ್ದ ಕಾಲಾಳೊಂದನ್ನು ಹಿಂದಕ್ಕೆಳೆದ.

ಅತ್ತೆ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು ಡಬ್ಬಿಗೆ ಹಾಕಿದಳು.

“ಕಾಲಾಳು ಹಿಂದಕ್ಕೆ ಬರಲ್ಲ ಅಣ್ಣ.”

“ನಾನು ಬಂದಿದೀನಲ್ಲ” ಎಂದ ಅಪ್ಪ, ಹಲಗೆಯಿಂದ ಕಣ್ಣೆತ್ತದೆ. “ಕೋಣೆ ಕೊಡಲ್ಲ ಅಂತ ಅವರಿಗೂ ಹೇಳಿ ಬಂದೆ. ಇಲ್ಲೇ ಇರ್ತೀಯಾ?”

“ಹ್ಞೂಂ” ಎಂದಳು ಅತ್ತೆ. ಬಾಯಲ್ಲಿ ಒಂದು ಮೊಳೆಯೂ ಇರಲಿಲ್ಲ.