ಒಳಗೆ ಬಿಟ್ಟ ಬಟ್ಟೆ

ನಮ್ಮ ಭಾವ ಪರದೇಶಕ್ಕೆ ಹೋಗಿ ಮೊದಲು ಗಿಟ್ಟಿಸಿಕೊಂಡದ್ದು ಕೆಲಸವನ್ನಲ್ಲ, ಇಂಜೆಕ್ಷನ್ನನ್ನು.

ದೊಡ್ಡ ಕಟ್ಟಡವೊಂದರ ಮುಂದೆ ಐವತ್ತು ಜನ ಸಾಲಾಗಿ ನಿಂತಿದ್ದರಂತೆ. ಇಷ್ಟು ಜನ ಬೆಳಗ್ಗೆಯೇ ಬಂದು ಕಾಯುತ್ತಿದ್ದಾರೆಂದರೆ ಒಳಗೆ ಕೆಲಸವೇ ಕೊಡುತ್ತಿರಬೇಕು ಎಂದು ಸರ್ಟಿಫಿಕೇಟಿನ ಚೀಲವನ್ನು ಎದೆಗವಚಿಕೊಂಡು ಇವರೂ ನಿಂತರು. ಗಂಟೆಯ ಮೇಲೆ ಸರದಿ ಬಂತು. ಬಿಳಿ ಕೋಟಿನ ಹುಡುಗಿ ಏನೋ ಕೇಳಿದಳು. ಇವರು ನಕ್ಕು ತಲೆಯಾಡಿಸಿದರು. ಅವಳು ತೋಳು ಹಿಡಿದಳು. ಅಳತೆ ತೆಗೆಯುತ್ತಾಳೆಂದು ಇವರು ಚಾಚಿದರು. ಮೂವತ್ತು ವರ್ಷ ಸೂಜಿ ಹಿಡಿದ ದರ್ಜಿಯನ್ನು ಅವತ್ತು ಸೂಜಿಯೇ ಹಿಡಿಯಿತು. ಅದೇನು ಮದ್ದೋ ಇವತ್ತಿಗೂ ಗೊತ್ತಿಲ್ಲ. ಕೆಲಸಕ್ಕೆ ಮುಂಚಿನ ವೈದ್ಯಕೀಯ ಪರೀಕ್ಷೆಯೆಂದು ತಿಳಿದು ಮಾರನೆಯ ದಿನ ಇಸ್ತ್ರಿ ಅಂಗಿ ತೊಟ್ಟು ಡ್ಯೂಟಿಗೆ ಹೋದರು. ಸಾಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ತೋಳಿನ ಊತ ಮಾತ್ರ ಇತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಸ್‌ ಸ್ಟ್ಯಾಂಡಿನ ಹಿಂದೆ ಎರಡು ಮಿಷನ್ನಿನ ಟೈಲರ್ ಅಂಗಡಿ ಇತ್ತು. ರೆಡಿಮೇಡ್ ಬಂದ ಮೇಲೆ ಜನ ಜಿಪ್ಪು ಹಾಕಿಸಲು ಮಾತ್ರ ಬರತೊಡಗಿದರು. ಏಜೆಂಟನೊಬ್ಬ ಹೊರದೇಶದ ಗಾರ್ಮೆಂಟ್ ಫ್ಯಾಕ್ಟರಿಯ ಆಸೆ ತೋರಿಸಿದ್ದೇ ಮಿಷನ್ ಎರಡನ್ನೂ ಮಾರಿ ಹೊರಟರು. ಬೀದಿಯವರು ಹಾರ ಹಾಕಿದರು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಾನು ತಿಂಗಳಿಡೀ ಇಂಗ್ಲಿಷ್ ಹೇಳಿಕೊಟ್ಟೆ. ಅಲ್ಲಿ ಯಾರೂ ಇಂಗ್ಲಿಷ್ ಆಡುವುದಿಲ್ಲವೆಂಬುದು ಇಳಿದ ಮೇಲೆ ತಿಳಿಯಿತು. ಉಪಯೋಗಕ್ಕೆ ಬರುವಂಥದ್ದನ್ನು ಕೊಟ್ಟವಳು ಅಕ್ಕ ಒಬ್ಬಳೇ: ತವರಿನಿಂದ ಬಂದ, ಅವಳ ಹೆಸರು ಕೊರೆಸಿದ ಸ್ಟೀಲ್ ಊಟದ ಡಬ್ಬಿ.

"ನೀವು ಕಳೆದುಹೋದ್ರೆ ಯಾರಾದ್ರೂ ತಂದು ಬಿಡ್ತಾರೆ," ಎಂದಿದ್ದಳು. "ಡಬ್ಬಿ ಕಳೆದ್ರೆ ಯಾರೂ ತಂದುಕೊಡಲ್ಲ. ಜೋಪಾನ."

ಹೋಗಿ ನೋಡಿದರೆ ಫ್ಯಾಕ್ಟರಿಗೆ ಬೀಗ. ಅಲ್ಲಿರುವ ಪರವಾನಗಿ ಮೂವತ್ತೇ ದಿನದ್ದು. ಅಷ್ಟರೊಳಗೆ ಯಾರಾದರೂ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಇಲ್ಲವಾದರೆ ಅದೇ ಬೀದಿ, ಹಾರ ಹಾಕಿದ ಅದೇ ಜನ. ಕೇಳಿಕೊಳ್ಳೋಣವೆಂದರೆ ಬಾಯಿಗೆ ಹೊಲಿಗೆ ಬಿದ್ದಿತ್ತು, ಅದೂ ದರ್ಜಿಯ ಬಾಯಿಗೆ.

ರೂಮಿನಲ್ಲಿ ಜೊತೆಗಿದ್ದವನು ನಮ್ಮ ಕಡೆಯ ಲಾರಿ ಡ್ರೈವರ್. ಅಲ್ಲಿಯ ಭಾಷೆಯ ಹನ್ನೆರಡು ಮಾತು ಬಲ್ಲವನಾದ್ದರಿಂದ ಅವನಿಗೆ ಡಿಕ್ಷನರಿ ಎಂದೇ ಹೆಸರು. "ಏನೇ ಹೇಳಲಿ, ಹೂಂ ಅಂತ ತಲೆ ಆಡಿಸಿಬಿಡಿ ಅಣ್ಣ," ಎಂಬುದು ಅವನ ಹದಿಮೂರನೆಯ ಮಾತು.

ಇಪ್ಪತ್ತೈದನೆಯ ದಿನ ಗಾಜಿನ ಬಾಗಿಲೊಂದರ ಹಿಂದೆ ಹೊಲಿಗೆ ಮಿಷನ್ ಕಂಡಿತು. ಕೊಂಡ ಬಟ್ಟೆಯನ್ನು ಮೈಗೆ ಸರಿಮಾಡಿ ಕೊಡುವ ಅಂಗಡಿ. ಭಾವ ಸೀದಾ ಒಳಗೆ ಹೋಗಿ, ಯಾರನ್ನೂ ಕೇಳದೆ ಕೂತು, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ತೋರಿಸಿದರು. ಯಜಮಾನಿ ಕನ್ನಡಕ ಮೇಲೆತ್ತಿ ನೋಡಿ, ಹರಿದ ತೋಳೊಂದನ್ನು ಕೊಟ್ಟರು. ಹೊಲಿದದ್ದನ್ನು ನೋಡಿ ಮೂರು ಬೆರಳು ತೋರಿಸಿದರು. ಮೂರು ದಿನವೋ, ಮೂರು ಗಂಟೆಯೋ, ಮೂರು ಬಟ್ಟೆಯೋ? ಯಾವುದಕ್ಕೂ ಇರಲಿ ಎಂದು ಭಾವ ಮೂರು ಗಂಟೆಯವರೆಗೆ ಎದ್ದೇಳದೆ, ಮೂರು ಬಟ್ಟೆ ಮುಗಿಸಿ, ಮೂರು ದಿನ ಬಂದರು.

ಮೂರನೆಯ ದಿನ ಎಡವಟ್ಟಾಯಿತು. ಎರಡು ಕರಿ ಪ್ಯಾಂಟು, ಸೊಂಟವೂ ಒಂದೇ. ಇಸ್ತ್ರಿ ಮಾಡುವಾಗ ಎರಡರ ಚೀಟಿಯೂ ಕೆಳಗೆ ಬಿದ್ದವು. ಅಂಕಿಯಾದರೆ ಓದಬಲ್ಲರು, ಚೀಟಿಯಲ್ಲಿದ್ದದ್ದು ಬರೀ ಹೆಸರು. ಎಡಗೈಗೆ ಸಿಕ್ಕ ಚೀಟಿ ಎಡಗಡೆಯ ಪ್ಯಾಂಟಿಗೆ ಎಂದು ಹಾಕಿದರು. ಒಂದನ್ನು ಅದರ ಗಿರಾಕಿ ಮಧ್ಯಾಹ್ನವೇ ಒಯ್ದ. ಸಂಜೆ ಆರಡಿಯ ಆಸಾಮಿಯೊಬ್ಬ ಕನ್ನಡಿಯ ಮುಂದೆ ನಿಂತಾಗ ಕಣಕಾಲು ಪೂರ್ತಿ ದರ್ಶನ ಕೊಟ್ಟವು. ಅವನು ಗಡಿಯಾರ ತೋರಿಸಿ ಕೂಗಾಡಿದ. ಯಜಮಾನಿ ಕಸದ ಬುಟ್ಟಿಯನ್ನೇ ಮೇಜಿನ ಮೇಲೆ ಸುರುವಿ ಕತ್ತರಿಸಿದ ತುಂಡು ಹುಡುಕತೊಡಗಿದರು. ಅಲ್ಲಿ ಬಟ್ಟೆ ಗಿಡ್ಡ ಮಾಡುವುದೆಂದರೆ ಹೆಚ್ಚಿನದನ್ನು ಕತ್ತರಿಸಿ ಎಸೆಯುವುದೆಂದೇ ರೂಢಿ.

ಭಾವನಿಗೆ ಆ ಹುಡುಕಾಟವೇ ಅರ್ಥವಾಗಲಿಲ್ಲ. ಊರಿನಲ್ಲಿ ರವಿಕೆಯ ಪಕ್ಕಕ್ಕೆ ಮೂರು ಹೊಲಿಗೆ. ಮೈ ಬಂದ ಹಾಗೆ ಒಂದೊಂದೇ ಬಿಚ್ಚಬೇಕು. ಶಾಲೆಯ ಚಡ್ಡಿಯೊಳಗೆ ಮುಂದಿನ ವರ್ಷದ ಚಡ್ಡಿಯೂ ಇರಬೇಕು. ಬಟ್ಟೆ ಕತ್ತರಿಸಿ ಎಸೆದ ದರ್ಜಿಯ ಅಂಗಡಿಗೆ ಮತ್ತೊಮ್ಮೆ ಯಾವ ತಾಯಿ ಬರುತ್ತಾಳೆ? ಆಸಾಮಿಯ ಪ್ಯಾಂಟು ಬಿಚ್ಚಿಸಿ, ಬ್ಲೇಡಿನಿಂದ ಅಂಚಿನ ಹೊಲಿಗೆ ಕಿತ್ತು, ಒಳಗೆ ಮಡಿಚಿಟ್ಟ ನಾಲ್ಕು ಬೆರಳು ಬಟ್ಟೆ ಇಳಿಸಿ, ಹೊಲಿದು, ಇಸ್ತ್ರಿ ಹಾಕಿ ಕಾಲು ಗಂಟೆಯಲ್ಲಿ ಕೊಟ್ಟರು. ಅವನು ತೊಟ್ಟು ಓಡಿದ.

ಆಮೇಲೆ ಯಜಮಾನಿ ಮೂರು ದಿನದ ಬಟ್ಟೆಗಳನ್ನೆಲ್ಲ ಒಳಮಗ್ಗುಲು ತಿರುಗಿಸಿದರು. ಎಲ್ಲದರಲ್ಲೂ ಬಟ್ಟೆ ಹಾಗೇ ಮಡಿಚಿಟ್ಟಿತ್ತು. ಬಹಳ ಹೊತ್ತು ಮಾತಾಡಿದರು. ಒಮ್ಮೆ ಹಣೆ ಚಚ್ಚಿಕೊಂಡರು, ಒಮ್ಮೆ ಇವರ ಬೆನ್ನು ತಟ್ಟಿದರು, ಕೊನೆಗೆ ಬಾಗಿಲು ತೋರಿಸಿದರು. ಭಾವ ಎಲ್ಲಕ್ಕೂ ಹೂಂ ಎಂದು ತಲೆಯಾಡಿಸಿ ಹೊರಬಂದರು.

ರೂಮಿನಲ್ಲಿ ವಿಚಾರಣೆ ನಡೆಯಿತು.

"ಬಾ ಅಂದ್ರಾ, ಬೇಡ ಅಂದ್ರಾ?" ಎಂದ ಡಿಕ್ಷನರಿ.

"ಬಾಗಿಲು ತೋರಿಸಿದ್ರಪ್ಪ."

"ಹಾಗಾದ್ರೆ ಬೇಡ ಅಂತ."

"ಬೆನ್ನೂ ತಟ್ಟಿದ್ರಲ್ಲೋ!"

"ಮರ್ಯಾದಸ್ಥ ಹೆಂಗಸು, ಅಣ್ಣ. ತಟ್ಟಿ ಕಳಿಸಿದಾರೆ."

"ಮತ್ತೆ ಆ ಹಣೆ?"

"ಅದು ನಂಗೆ ಬರೋ ಹನ್ನೆರಡರಲ್ಲಿ ಇಲ್ಲ," ಎಂದು ಡಿಕ್ಷನರಿ ಮುಚ್ಚಿಕೊಂಡಿತು. ಭಾವ ಸೂಟ್‌ಕೇಸಿಗೆ ಬಟ್ಟೆ ತುಂಬಿದರು.

ಆದರೂ ಮಾರನೆಯ ಬೆಳಗ್ಗೆ ಅವರು ಹೋದದ್ದು ಅದೇ ಅಂಗಡಿಗೆ. ಮಿಷನ್ನಿನ ಮೇಲೆ ಎಂಟು ಪ್ಯಾಂಟು ಕಾಯುತ್ತಿದ್ದವು. ಕೂತರು. ಹನ್ನೊಂದು ವರ್ಷವಾಯಿತು, ಕೂತೇ ಇದ್ದಾರೆ. ಈಗ ಅಲ್ಲಿಯ ಮಾತು ಇಪ್ಪತ್ತು ಬರುತ್ತದೆ. ಯಜಮಾನಿ ಅಂದು ಹೇಳಿದ್ದೇನು ಎಂದು ಮಾತ್ರ ಕೇಳಿಲ್ಲ. ಬೇಡ ಎಂದಿದ್ದರೆ ಈಗೇಕೆ ನೆನಪಿಸಬೇಕು?

ಮೊನ್ನೆ ರಜೆಗೆ ಬಂದಾಗ ಮನೆ ತುಂಬ ನೆಂಟರು. ಕೇಳದೆ ಇರಲು ನನ್ನಿಂದಾಗಲಿಲ್ಲ.

"ಅಲ್ಲ ಭಾವ, ಬಾ ಅಂದ್ರೋ ಬೇಡ ಅಂದ್ರೋ ಗೊತ್ತಿಲ್ಲ, ಪೆಟ್ಟಿಗೆ ಬೇರೆ ಕಟ್ಟಿಯಾಗಿತ್ತು. ಮತ್ತೆ ಆ ಬಾಗಿಲು ತಟ್ಟೋಕೆ ಧೈರ್ಯ ಎಲ್ಲಿಂದ ಬಂತು?"

ನೆಂಟರೆಲ್ಲ ಹತ್ತಿರ ಸರಿದರು. ಭಾವ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಧೈರ್ಯ ಏನು ಬಂತು ಮಾರಾಯ. ನಿಮ್ಮಕ್ಕನ ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದೆ."